ಮೈಸೂರಿಗೆ ನೆರೆ ಬರದು ಎನ್ನುವವರಿಗೆ

"ಮೈಸೂರಿಗೆ ನೆರೆಯಾ? ಊರೊಳಗೆ ನದಿಯಿಲ್ಲ, ಸಮುದ್ರ ದೂರ, ಊರೇ ಎತ್ತರದಲ್ಲಿದೆ. ನೆರೆ ಏನಿದ್ದರೂ ನಂಜನಗೂಡಿಗೆ, ಕೊಡಗಿಗೆ, ಈಗೀಗ ಬೆಂಗಳೂರಿಗೆ." ಮೈಸೂರಿನ ಕುವೆಂಪುನಗರದ ಯಾವ ಪಾರ್ಕಿನಲ್ಲಿ, ಯಾವ ಕಾಫಿ ಅಂಗಡಿಯ ಮುಂದೆ ನಿಂತು ಈ ವಿಷಯ ಎತ್ತಿದರೂ ಸಿಗುವ ಉತ್ತರ ಇದೇ. ಸೈಟು ಕೊಳ್ಳುವವರು, ಕೊಡಿಸುವ ದಲ್ಲಾಳಿಗಳು, ನಕ್ಷೆ ಬರೆಯುವ ಎಂಜಿನಿಯರುಗಳು, ನಿವೃತ್ತ ಅಧಿಕಾರಿಗಳು, ಎಲ್ಲರೂ ಒಂದೇ ದನಿಯಲ್ಲಿ ಒಪ್ಪುವ ಸಂಗತಿಗಳು ನಮ್ಮ ಊರಲ್ಲಿ ಬಹಳಿಲ್ಲ, ಇದು ಅವುಗಳಲ್ಲೊಂದು. ಈ ನಂಬಿಕೆ ತಪ್ಪು. ಬರೀ ತಪ್ಪು ತಿಳಿವಳಿಕೆಯಾಗಿದ್ದರೆ ಬಿಟ್ಟುಬಿಡಬಹುದಿತ್ತು. ಇದನ್ನೇ ನೆಚ್ಚಿ ನಾವು ಇಪ್ಪತ್ತು ವರ್ಷದ ಸಾಲ ಮಾಡುತ್ತಿದ್ದೇವೆ, ಸೆಲ್ಲಾರ್ ಅಗೆಸುತ್ತಿದ್ದೇವೆ, ಹಳ್ಳದ ದಂಡೆಯ ಶೆಡ್ಡಿನಲ್ಲಿ ಕೂಲಿಯವರ ಸಂಸಾರ ಇರಿಸುತ್ತಿದ್ದೇವೆ. ಹಾಗಾಗಿ ಇದನ್ನು ಬುಡಸಮೇತ ಕಿತ್ತು ನೋಡಬೇಕಾಗಿದೆ.

ಮೊದಲು ಎತ್ತರದ ಮಾತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ನಿಜ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಡಿಕೇರಿ ಅದಕ್ಕೂ ಮೇಲೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳೇ ಜಾರಿ ಮನೆಗಳು ಮಣ್ಣುಪಾಲಾದಾಗ ಆ ಎತ್ತರ ಯಾರನ್ನೂ ಕಾಯಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಐಷಾರಾಮಿ ಬಡಾವಣೆಗಳಿಂದ ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊರತಂದರು. ಅಲ್ಲಿ ಕೂಡ ಅದಕ್ಕೆ ಹಿಂದಿನ ದಿನದವರೆಗೆ ಇದೇ ಮಾತು ಚಾಲ್ತಿಯಲ್ಲಿತ್ತು: ನದಿಯಿಲ್ಲದ ಊರು, ಎತ್ತರದ ಊರು. ಮನೆಯೊಳಗೆ ನೀರು ಬರುತ್ತದೋ ಇಲ್ಲವೋ ಎಂಬುದನ್ನು ಸಮುದ್ರದಿಂದ ನೀವೆಷ್ಟು ಮೇಲಿದ್ದೀರಿ ಎಂಬುದು ತೀರ್ಮಾನಿಸುವುದಿಲ್ಲ. ನಿಮ್ಮ ಮೇಲಿನ ಬೀದಿ ನಿಮಗಿಂತ ಎಷ್ಟು ಎತ್ತರದಲ್ಲಿದೆ, ಕೆಳಗಿನ ಮೋರಿಯ ಬಾಯಿ ಎಷ್ಟು ಅಗಲವಿದೆ, ಇವೆರಡು ತೀರ್ಮಾನಿಸುತ್ತವೆ.

ಇನ್ನು ನದಿ. ಮೈಸೂರಿನ ನೆಲ ನಡುವೆ ಉಬ್ಬಿಕೊಂಡಿದೆ. ಉತ್ತರದ ಕಡೆ ಬಿದ್ದ ನೀರು ಕಾವೇರಿಯತ್ತ ಹೋಗುತ್ತದೆ, ದಕ್ಷಿಣದ್ದು ಕಬಿನಿಯತ್ತ. ಎರಡು ನದಿಗಳ ನಡುವಿನ ದಿಣ್ಣೆಯ ಮೇಲೆ ಕೂತ ಊರು ಸುರಕ್ಷಿತ ಎಂದು ನಮ್ಮ ಲೆಕ್ಕ. ಆದರೆ ದಿಣ್ಣೆ ಎಂದರೆ ಹಳ್ಳಗಳು ಹುಟ್ಟುವ ಜಾಗ. ಇಲ್ಲಿ ಬಿದ್ದ ಪ್ರತಿ ಹನಿಯೂ ಊರೊಳಗಿನ ಕಣಿವೆಗಳಲ್ಲಿ ಇಳಿದೇ ಹೊರಗೆ ಹೋಗಬೇಕು. ಆ ಹಳ್ಳಗಳು ಚಿಕ್ಕವು, ವರ್ಷದ ಬಹುಪಾಲು ಒಣಗಿರುತ್ತವೆ, ಮುಳ್ಳುಕಂಟಿ ಬೆಳೆದು ಖಾಲಿ ಜಾಗದಂತೆ ಕಾಣುತ್ತವೆ. ಕಬಿನಿಯ ದಂಡೆಯಲ್ಲಿ ಮನೆ ಕಟ್ಟುವವನಿಗೆ ಎದುರಿಗೇ ನದಿ ಹರಿಯುತ್ತಿರುತ್ತದೆ. ಅವನು ಏನು ಮಾಡುತ್ತಿದ್ದಾನೆಂದು ಅವನಿಗೆ ಗೊತ್ತು. ಒಣಹಳ್ಳದಲ್ಲಿ ಕಟ್ಟುವವನಿಗೆ ಆ ಅರಿವೂ ಇರುವುದಿಲ್ಲ.

ನಂಜನಗೂಡಿಗೂ ನಮಗೂ ಇರುವ ಇನ್ನೊಂದು ವ್ಯತ್ಯಾಸ ನಮ್ಮ ಪರವಾಗಿಲ್ಲ. ಕಬಿನಿ ಜಲಾಶಯದಿಂದ ಹೆಚ್ಚು ನೀರು ಬಿಡುವ ಮುನ್ನ ನದಿಪಾತ್ರದವರಿಗೆ ಎಚ್ಚರಿಕೆ ಕೊಡುತ್ತಾರೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ನಂಜನಗೂಡು ಮುಳುಗಿತು, ಮಲ್ಲನಮೂಲೆ ಬಳಿ ಊಟಿ ಹೆದ್ದಾರಿಯೇ ನೀರಡಿ ಹೋಯಿತು. ಆದರೂ ಸಾಮಾನು ಮೇಲೆತ್ತಲು, ದನಕರು ಬಿಚ್ಚಲು, ಮಕ್ಕಳನ್ನು ನೆಂಟರ ಮನೆಗೆ ಕಳಿಸಲು ಅಲ್ಲಿನವರಿಗೆ ಒಂದಿಷ್ಟು ಹೊತ್ತು ಸಿಕ್ಕಿತ್ತು. ಕುವೆಂಪುನಗರದಂಥ ಬಡಾವಣೆಯಲ್ಲಿ ಆ ಅವಕಾಶ ಇಲ್ಲ. ಸಂಜೆ ಆರಕ್ಕೆ ಮೋಡ ಕವಿದು ಆರೂವರೆಗೆ ಸುರಿದರೆ, ಏಳು ಗಂಟೆಗೆ ನಡುಮನೆಯೊಳಗೆ ನೀರು.

"ನಮಗೆ ಮಳೆಯೇ ಕಡಿಮೆ" ಎನ್ನುವವರೂ ಉಂಟು. ವರ್ಷಕ್ಕೆ ಸರಾಸರಿ 800 ಮಿಲಿಮೀಟರ್ ಆಸುಪಾಸು ಬೀಳುವ ನಮ್ಮ ಊರನ್ನು ಮಂಗಳೂರಿನ ಜೊತೆ ಹೋಲಿಸುವಂತಿಲ್ಲ ಎಂಬುದು ಸರಿ. ಆದರೆ ಚರಂಡಿಗೆ ವರ್ಷದ ಮೊತ್ತ ಗೊತ್ತಾಗುವುದಿಲ್ಲ. ಆ ಒಂದು ಗಂಟೆಯಲ್ಲಿ ಎಷ್ಟು ಬಂತು ಎಂಬುದಷ್ಟೇ ಅದಕ್ಕೆ ಲೆಕ್ಕ. ನಮ್ಮ ಮಳೆ ಮಲೆನಾಡಿನಂತೆ ದಿನಗಟ್ಟಲೆ ಜಿನುಗುವಂಥದ್ದಲ್ಲ. ಮೇ ತಿಂಗಳಲ್ಲೂ ಸೆಪ್ಟೆಂಬರ್-ಅಕ್ಟೋಬರಿನಲ್ಲೂ ಗುಡುಗು ಸಹಿತ ಒಮ್ಮೆಲೇ ಸುರಿದು ನಿಲ್ಲುವಂಥದ್ದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳನ್ನು ಕನ್ನಡಿಗರು ಮರೆತಿರಲಾರರು. ರಾಯಚೂರು, ಕೊಪ್ಪಳ, ಗದಗ, ಬಾಗಲಕೋಟೆ, ವಿಜಯಪುರ, ಅಂದರೆ ಬರಕ್ಕೆ ಹೆಸರಾದ ಜಿಲ್ಲೆಗಳೇ ಆಗ ಮುಳುಗಿದವು; ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದಲ್ಲಿ ಕೆರೆ ಉಕ್ಕಿ ಹೆದ್ದಾರಿ ಹೊಳೆಯಾಯಿತು, ಬೆಂಗಳೂರು-ಮೈಸೂರು ಸಂಚಾರ ನಿಂತಿತು. ಅದರ ಮುಂದಿನ ವಾರವೇ ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯಲ್ಲಿ ಬೆಂಗಳೂರಿಗೆ ನೀರೆತ್ತುವ ಪಂಪ್‌ಹೌಸಿಗೆ ನೀರು ನುಗ್ಗಿ, ಮಳೆನೀರಲ್ಲಿ ಮುಳುಗಿದ್ದ ಆ ಊರಿನ ಹಲವೆಡೆ ಕುಡಿಯುವ ನೀರೂ ಇಲ್ಲದಂತಾಯಿತು. ಕಡಿಮೆ ಮಳೆಯ ಸೀಮೆ ಎಂಬುದು ರಕ್ಷಣೆಯಲ್ಲ. ಕಡಿಮೆ ಮಳೆಗೆಂದು ಸಣ್ಣ ಮೋರಿ ಕಟ್ಟಿಕೊಂಡ ಸೀಮೆಗೆ ಅಪಾಯವೇ ಹೆಚ್ಚು.

ನಮ್ಮ ಊರಿನದೇ ಸಾಕ್ಷಿ ಬೇಕೆಂದರೆ ದೂರ ಹೋಗಬೇಕಾಗಿಲ್ಲ. 2021ರ ಅಕ್ಟೋಬರಿನ ಮಳೆಗೆ ಚಾಮುಂಡಿಬೆಟ್ಟದ ನಂದಿ ರಸ್ತೆ ಕುಸಿಯಿತು. ಮರುವರ್ಷದ ಅಕ್ಟೋಬರಿನಲ್ಲಿ ಅರಮನೆ ಕೋಟೆಯ ಗೋಡೆಯ ಒಂದು ಭಾಗ ಉರುಳಿತು, ಮಹಾರಾಣಿ ವಿಜ್ಞಾನ ಕಾಲೇಜಿನ ಕಟ್ಟಡದ ಒಂದು ಪಾಲು ಕುಸಿದುಬಿತ್ತು. ಯಾವ ನದಿಯೂ ಉಕ್ಕಿರಲಿಲ್ಲ. ಆ ವರ್ಷಗಳಲ್ಲಿ ತಗ್ಗು ಬಡಾವಣೆಗಳ ಜನ ರಾತ್ರಿಯಿಡೀ ಬಕೆಟ್ಟಿನಲ್ಲಿ ನೀರು ಎತ್ತಿ ಹೊರಗೆ ಸುರಿದರು. ಮಾರನೆಯ ದಿನ ಅಧಿಕಾರಿಗಳು ಬಂದರು, ಜನಪ್ರತಿನಿಧಿಗಳು ಪ್ಯಾಂಟು ಮಡಿಚಿಕೊಂಡು ನೀರಿಗಿಳಿದರು, "ದಾಖಲೆ ಮಳೆ" ಎಂದರು. ದಾಖಲೆ ಮಳೆ ಎಂದೊಡನೆ ಯಾರ ಹೊಣೆಯೂ ಉಳಿಯುವುದಿಲ್ಲ. ಅದಕ್ಕೇ ಆ ಮಾತು ಎಲ್ಲರಿಗೂ ಅಷ್ಟು ಪ್ರಿಯ.

ಒಂದು ಲೆಕ್ಕ ಹಾಕಿ ನೋಡೋಣ. ಕುವೆಂಪುನಗರದಲ್ಲಿ ಎಲ್ಲರಿಗೂ ಗೊತ್ತಿರುವ ಅಳತೆ ಮೂವತ್ತು-ನಲವತ್ತು. ಅಂದರೆ 1,200 ಚದರಡಿ, ಸುಮಾರು 111 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ಬೇಸಿಗೆಯಲ್ಲಿ ನಾವು ಫೋನ್ ಮಾಡಿ ತರಿಸಿಕೊಳ್ಳುವ ಒಂದು ಟ್ಯಾಂಕರ್ ನೀರು ಅಷ್ಟು. ಮೊದಲು ಅದೇ ಸೈಟಿನಲ್ಲಿ ಅರ್ಧ ಜಾಗ ಮಣ್ಣಿತ್ತು, ಒಂದು ತೆಂಗಿನಮರ, ನಾಲ್ಕು ದಾಸವಾಳ, ಒಂದು ಪರಂಗಿ ಗಿಡ ಇದ್ದವು. ಮಳೆಯ ಒಂದು ಪಾಲನ್ನು ಆ ಮಣ್ಣು ಕುಡಿಯುತ್ತಿತ್ತು. ಈಗ ಕಾಂಪೌಂಡಿನಿಂದ ಕಾಂಪೌಂಡಿಗೆ ಟೈಲ್ಸು, ಗೇಟಿನಾಚೆ ಕಾಂಕ್ರೀಟು. ಒಂದು ಮನೆ ಒಂದು ಟ್ಯಾಂಕರನ್ನು ಬೀದಿಗೆ ಸುರಿದರೆ ನೂರು ಮನೆಯ ಬೀದಿ ನೂರು ಟ್ಯಾಂಕರ್ ಸುರಿಯುತ್ತದೆ, ಅದೂ ಒಂದೇ ಗಂಟೆಯೊಳಗೆ. ರಸ್ತೆಯ ನೀರು, ಶಾಲೆಯ ಅಂಗಳದ ನೀರು, ಕಲ್ಯಾಣಮಂಟಪದ ಚಾವಣಿಯ ನೀರು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ನಗರದ ನೆರೆಗೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿತು. ನೆಲವನ್ನು ಕಟ್ಟಡಗಳಿಂದ ಮುಚ್ಚಿದಾಗ ನೆರೆಯ ಏರುಮಟ್ಟ 1.8ರಿಂದ 8 ಪಟ್ಟು, ನೀರಿನ ಗಾತ್ರ 6 ಪಟ್ಟಿನವರೆಗೆ ಹೆಚ್ಚುತ್ತದೆ ಎಂದು ಅದರಲ್ಲೇ ಬರೆದಿದೆ. ಹೀಗಾಗಿ ಮಳೆ ಒಂದು ಹನಿಯೂ ಹೆಚ್ಚದಿದ್ದರೂ ನೆರೆ ಹೆಚ್ಚುತ್ತದೆ. ಹವಾಮಾನ ಬದಲಾವಣೆಯ ಪಾಲು ಇದರ ಮೇಲೆ ಸೇರುವಂಥದ್ದು.

ಆ ನೀರು ಹೋಗುವ ದಾರಿಗೆ ನಾವೇನು ಮಾಡಿದ್ದೇವೆ? ಮನೆಯ ಮುಂದಿನ ಚರಂಡಿಯ ಮೇಲೆ ಕಾರು ಹತ್ತಿಸಲು ರ‍್ಯಾಂಪು. ಅದರ ಮೇಲೊಂದು ಗಿಡದ ಕಟ್ಟೆ. ನೀರು ಚರಂಡಿಗಿಳಿಯುವ ಕಿಂಡಿ ಎಲ್ಲಿತ್ತೆಂಬುದೂ ಗೊತ್ತಾಗದಂತೆ ಚಪ್ಪಡಿ. ರಸ್ತೆಯಂತೂ ಏರುತ್ತಲೇ ಇದೆ. ಹಳೆಯ ಡಾಂಬರು ಕೆರೆದು ತೆಗೆಯದೆ ಅದರ ಮೇಲೇ ಹೊಸದು ಹಾಕುತ್ತಾರೆ. ದಶಕಗಳ ಹಿಂದೆ, ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯ ಕಾಲದಲ್ಲಿ ಕಟ್ಟಿದ ಯಾವುದಾದರೂ ಮನೆಯ ಗೇಟಿನ ಮುಂದೆ ನಿಂತು ನೋಡಿ, ಆಗ ಮೂರು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ರಸ್ತೆಯಿಂದ ಇಳಿದು ಹೋಗಬೇಕಾದೀತು. ಆ ಮನೆಯವರು ಏನೂ ಮಾಡಿಲ್ಲ. ಅವರು ಇದ್ದಲ್ಲೇ ಇದ್ದಾರೆ; ತಗ್ಗು ಅವರ ಬಳಿಗೆ ಬಂದಿದೆ.

ಕೆರೆಗಳ ಕತೆ ಇನ್ನೂ ಬೇಸರದ್ದು. 1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ತಮ್ಮ ರಾಣಿಯ ನೆನಪಿಗೆ ಲಿಂಗಾಂಬುಧಿ ಕೆರೆ ಕಟ್ಟಿಸಿದರು. 1864ರಲ್ಲಿ ಅವರೇ ಕುಕ್ಕರಹಳ್ಳಿ ಕೆರೆ ಕಟ್ಟಿಸಿದರು. ಕುವೆಂಪುನಗರ ಇವೆರಡರ ನಡುವಿನ ಸೀಮೆಯಲ್ಲಿದೆ. ಕಟ್ಟಿದವರಿಗೆ ಕೆರೆ ಎಂದರೆ ಏರಿ, ತೂಬು, ಕೋಡಿ, ಕೋಡಿಯಿಂದ ಮುಂದಿನ ಕೆರೆಗೆ ಹಳ್ಳ, ಇಷ್ಟೂ ಸೇರಿದ ಒಂದು ವ್ಯವಸ್ಥೆ. ಮೇಲಿನ ಕೆರೆ ತುಂಬಿದರೆ ಹೆಚ್ಚಿನ ನೀರು ಕೋಡಿ ಹರಿದು ಕೆಳಗಿನದಕ್ಕೆ ಸೇರುತ್ತಿತ್ತು. ಮಳೆಯನ್ನು ಹಿಡಿದಿಟ್ಟು, ನಿಧಾನಕ್ಕೆ ಬಿಟ್ಟು, ಕೆಳಗಿನ ನೆಲವನ್ನು ಕಾಯುತ್ತಿದ್ದದ್ದು ಅದೇ. ನಮಗೀಗ ಕೆರೆ ಎಂದರೆ ಸುತ್ತ ವಾಕಿಂಗ್ ಪಾತ್, ಒಂದಿಷ್ಟು ಹಕ್ಕಿ, ಒಂದು ಸೂರ್ಯಾಸ್ತ. ನಾನೂ ಆ ದಾರಿಗಳಲ್ಲಿ ನಡೆದವನೇ, ಅದರ ಸುಖ ಅಲ್ಲಗಳೆಯುವುದಿಲ್ಲ. ಆದರೆ ಕೆರೆ ಉಳಿಸಿ ಎಂದು ಮೆರವಣಿಗೆ ಹೊರಡುವ ನಾವು ಕೋಡಿ ಎಲ್ಲಿದೆ, ಕೋಡಿ ಬಿದ್ದ ನೀರು ಯಾವ ಯಾವ ಸರ್ವೆ ನಂಬರು ದಾಟಿ ಹೋಗುತ್ತದೆ ಎಂದು ಕೇಳಿದ್ದು ಕಡಿಮೆ. ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆ ಕುಕ್ಕರಹಳ್ಳಿಗೆ ನೀರು ತರುತ್ತಿತ್ತು; ಈಗ ಅದು ಬಹುಪಾಲು ಒತ್ತುವರಿಗೂ ಕಟ್ಟಡಗಳಿಗೂ ಸಂದಿದೆ. ಪ್ರತಿ ದಸರೆಯಲ್ಲಿ ನಾವು ವಸ್ತುಪ್ರದರ್ಶನ ನೋಡಲು ಹೋಗುವ ದೊಡ್ಡಕೆರೆ ಮೈದಾನವೂ ಒಂದು ಕಾಲದಲ್ಲಿ ಕೆರೆಯ ಅಂಗಳವೇ. ಊರು ತನ್ನ ನೀರಿನ ಜಾಗಗಳನ್ನು ತುಂಬಿಕೊಂಡು ಬೆಳೆದದ್ದು ಕಣ್ಣೆದುರಿಗೇ ಇದೆ.

"ಹಾಗಿದ್ದರೆ ಸರ್ಕಾರ ಹೇಳುತ್ತಿರಲಿಲ್ಲವೇ? ಅಪ್ರೂವ್ಡ್ ಲೇಔಟು, ಖಾತೆ ಇದೆ, ಬ್ಯಾಂಕು ಸಾಲ ಕೊಟ್ಟಿದೆ." ಬಲ್ಲವರೂ ಈ ವಾದಕ್ಕೆ ಸೋಲುತ್ತಾರೆ. ಸೈಟು ಕೊಳ್ಳುವಾಗ ನಾವು ವಕೀಲರಿಗೆ ಹಣ ಕೊಟ್ಟು ಮೂವತ್ತು ವರ್ಷದ ಇಸಿ ತೆಗೆಸುತ್ತೇವೆ, ವಂಶವೃಕ್ಷ ಬರೆಸುತ್ತೇವೆ, ಕ್ರಯಪತ್ರದ ಚಕ್ಕುಬಂದಿ ಅಕ್ಷರ ಅಕ್ಷರ ಓದಿಸುತ್ತೇವೆ. ಇಷ್ಟೆಲ್ಲ ಕಾಗದಗಳಲ್ಲಿ ಒಂದಾದರೂ ನೀರಿನ ಬಗ್ಗೆ ಒಂದು ಸಾಲು ಹೇಳುತ್ತದೆಯೇ? ಈ ನೆಲ ಯಾರದಾಗಿತ್ತು ಎಂದು ಅವು ಹೇಳುತ್ತವೆ. ಈ ನೆಲದ ಮೇಲೆ ಏನು ಹರಿಯುತ್ತಿತ್ತು ಎಂದು ಹೇಳುವ ಕೆಲಸ ಅವುಗಳದಲ್ಲ. ಮೈಸೂರು-ನಂಜನಗೂಡು ಯೋಜನಾ ಪ್ರದೇಶಕ್ಕೆ 2031ರ ಮಹಾಯೋಜನೆ ಇದೆ. ಕಬಿನಿ ಮುಳುಗಿಸುವ ನಂಜನಗೂಡು ನಮ್ಮದೇ ಯೋಜನಾ ಪ್ರದೇಶದ ಹೆಸರಿನಲ್ಲೇ ಇದೆ ಎಂಬುದನ್ನು ಒಮ್ಮೆ ಯೋಚಿಸಿ. ವಾಸಕ್ಕೆ ಇಲ್ಲಿ, ಕೈಗಾರಿಕೆಗೆ ಅಲ್ಲಿ ಎಂದು ವಿಂಗಡಿಸುವ ಊರು, ಭಾರಿ ಮಳೆಗೆ ಎಲ್ಲಿ ಎಷ್ಟು ಅಡಿ ನೀರು ನಿಲ್ಲುತ್ತದೆ ಎಂಬ ವಿಂಗಡಣೆಯನ್ನು ಕೊಳ್ಳುವವನ ಕೈಗೆ ಕೊಡುವುದಿಲ್ಲ.

ಇದು ಹೊಸ ಬೇಡಿಕೆಯೂ ಅಲ್ಲ. ಕೇಂದ್ರ ಜಲ ಆಯೋಗ ನೆರೆಬಯಲು ವಲಯೀಕರಣಕ್ಕೆ ಮಾದರಿ ಮಸೂದೆ ಸಿದ್ಧಪಡಿಸಿ ರಾಜ್ಯಗಳಿಗೆ ಕಳಿಸಿದ್ದು 1975ರಲ್ಲಿ. ಮಣಿಪುರ, ರಾಜಸ್ಥಾನ, ಉತ್ತರಾಖಂಡ, ಹಿಂದಿನ ಜಮ್ಮು-ಕಾಶ್ಮೀರ ಇವಿಷ್ಟು ಕಾಯ್ದೆ ಮಾಡಿದವು. ಕರ್ನಾಟಕ ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ 1968ರಿಂದ ರಾಷ್ಟ್ರೀಯ ನೆರೆ ವಿಮಾ ಯೋಜನೆ ಇದೆ. ಮನೆಯ ವಿಳಾಸ ಕೊಟ್ಟರೆ ಅದು ಯಾವ ನೆರೆ ವಲಯದಲ್ಲಿದೆ ಎಂಬ ನಕ್ಷೆ ಯಾರಿಗಾದರೂ ಸಿಗುತ್ತದೆ. ಅಪಾಯದ ವಲಯ ಎಂದರೆ ಯಾವುದೇ ವರ್ಷದಲ್ಲಿ ನೆರೆ ಬರುವ ಸಂಭವ ಕನಿಷ್ಠ ಶೇ. 1 ಇರುವ ಜಾಗ. ಇದನ್ನೇ "ನೂರು ವರ್ಷಕ್ಕೊಮ್ಮೆ ಬರುವ ನೆರೆ" ಎಂದು ಕರೆಯುತ್ತಾರೆ, ಕೇಳಿದವರು "ಹಾಗಾದರೆ ನಮ್ಮ ಕಾಲಕ್ಕಿಲ್ಲ" ಎಂದು ನೆಮ್ಮದಿಯಾಗುತ್ತಾರೆ. ಲೆಕ್ಕ ಹಾಗಿಲ್ಲ. ವರ್ಷಕ್ಕೆ ಶೇ. 1 ಎಂದರೆ ಮೂವತ್ತು ವರ್ಷ ಆ ಮನೆಯಲ್ಲಿದ್ದವರಿಗೆ ಒಮ್ಮೆಯಾದರೂ ನೀರು ಬರುವ ಸಂಭವ ಶೇ. 26. ನಾಲ್ಕು ಮನೆಗಳಲ್ಲಿ ಒಂದು. ಮೂವತ್ತು ವರ್ಷದೊಳಗೆ ಮನೆಗೆ ಬೆಂಕಿ ಬೀಳುವ ಸಂಭವ ನಾಲ್ಕರಲ್ಲಿ ಒಂದು ಎಂದರೆ ನಾವು ಇಷ್ಟು ನಿರಾತಂಕವಾಗಿ ಮಲಗುತ್ತಿದ್ದೆವೇ?

ವಲಯದ ಗೆರೆಯನ್ನು ದೇವರ ಮಾತೆಂದು ನಂಬಬೇಕೆಂದೂ ನಾನು ಹೇಳುತ್ತಿಲ್ಲ. ಅಷ್ಟು ನಕ್ಷೆ ಮಾಡಿದ ಅಮೆರಿಕದಲ್ಲೇ ನೆರೆ ವಿಮೆಯ ಕ್ಲೇಮುಗಳಲ್ಲಿ ಸುಮಾರು ಶೇ. 40ರಷ್ಟು ಹೆಚ್ಚಿನ ಅಪಾಯದ ವಲಯದ ಹೊರಗಿನ ಮನೆಗಳಿಂದ ಬಂದ ವರ್ಷಗಳಿವೆ. ಗೆರೆಯ ಈಚೆಗಿದ್ದೇನೆ ಎಂಬುದು ನೀರಿಗೆ ಗೊತ್ತಾಗುವುದಿಲ್ಲ. ಆದರೆ ಗೆರೆಯೇ ಇಲ್ಲದ ಊರಿನಲ್ಲಿ ಎಲ್ಲರೂ ತಾವು ಈಚೆಗಿದ್ದೇವೆಂದೇ ತಿಳಿಯುತ್ತಾರೆ. ನಮ್ಮ ಸ್ಥಿತಿ ಅದು. ನಕ್ಷೆ ಇಲ್ಲದಿರುವುದನ್ನೇ ನೆರೆ ಇಲ್ಲದಿರುವುದಕ್ಕೆ ಪುರಾವೆ ಮಾಡಿಕೊಂಡಿದ್ದೇವೆ.

ಸರ್ಕಾರ ನಕ್ಷೆ ಕೊಡುವವರೆಗೆ ಕಾಯಬೇಕಾಗಿಯೂ ಇಲ್ಲ. ಭೂಮಾಪನ ಇಲಾಖೆಯ ಹಳೆಯ ಗ್ರಾಮ ನಕಾಶೆಗಳಲ್ಲಿ ಕೆರೆ, ಹಳ್ಳ, ಕಾಲುವೆಗಳನ್ನು ಗುರುತಿಸಿದ್ದಾರೆ. ನಮ್ಮ ಬಡಾವಣೆಗಳೆಲ್ಲ ಯಾವುದೋ ಹಳ್ಳಿಯ ಸರ್ವೆ ನಂಬರುಗಳ ಮೇಲೇ ನಿಂತಿರುವುದರಿಂದ ಅವನ್ನು ತೆಗೆಸಿ ಇಂದಿನ ಬೀದಿಗಳ ಪಕ್ಕ ಇಟ್ಟು ನೋಡಬಹುದು. ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಎಂದು ಬರೆದಿದ್ದರೆ ಅದು ಯಾವುದರ ಖರಾಬು, ರಸ್ತೆಯದೋ ಹಳ್ಳದ್ದೋ ಎಂದು ಕೇಳಬೇಕು. ಸೈಟು ನೋಡಲು ಜನ ಭಾನುವಾರದ ಬಿಸಿಲಲ್ಲಿ ಹೋಗುತ್ತಾರೆ. ಜೋರು ಮಳೆ ನಿಂತ ಕಾಲು ಗಂಟೆಗೆ ಹೋಗಬೇಕು. ಪಕ್ಕದ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಕೆಸರುಗೆರೆ ಇದೆಯೇ, ಬೀದಿಯ ಮ್ಯಾನ್‌ಹೋಲ್ ಮುಚ್ಚಳದ ಸುತ್ತ ಮಣ್ಣು ಕಕ್ಕಿದ ಗುರುತಿದೆಯೇ, ಕೆಳಗಿನ ತಿರುವಿನ ಅಂಗಡಿಯವನು ಅಕ್ಕಿಮೂಟೆಯನ್ನು ನೆಲದ ಮೇಲಿಟ್ಟಿದ್ದಾನೋ ಮಣೆಯ ಮೇಲಿಟ್ಟಿದ್ದಾನೋ ನೋಡಬೇಕು. ಒಳಚರಂಡಿಯೊಳಗೆ ಮಳೆನೀರು ಸೇರಿದಾಗ ಅದು ಹಿಂದಕ್ಕೆ ಒತ್ತಿ ಕೆಳಮಹಡಿಯ ಕಕ್ಕಸಿನಿಂದಲೇ ಮೇಲೆ ಬರುತ್ತದೆ. ಬಾಗಿಲಿಗೆ ಮರಳಿನ ಮೂಟೆ ಜೋಡಿಸಿದವರೂ ಇದಕ್ಕೆ ಸೋತಿದ್ದಾರೆ. ಆ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕಿಸುವುದು ಒಬ್ಬ ಪ್ಲಂಬರ್‌ನ ಕೆಲಸ. ಮನೆಗೆ ಗ್ರಾನೈಟ್ ಹಾಸುವ ಖರ್ಚಿನ ಮುಂದೆ ಅದು ಎಣಿಕೆಗೇ ಬಾರದು.

ಇಷ್ಟಾದ ಮೇಲೂ "ಬಂದರೆ ಸರ್ಕಾರ ಪರಿಹಾರ ಕೊಡುತ್ತದೆ" ಎಂಬ ಆಸರೆ ಉಳಿದಿರುತ್ತದೆ. ಅದರ ಅಂಕಿ ತಿಳಿದುಕೊಳ್ಳಿ. ರಾಜ್ಯ ವಿಪತ್ತು ಸ್ಪಂದನಾ ನಿಧಿಗೆ 2022ರಿಂದ 2026ರ ಅವಧಿಗೆ ಕೇಂದ್ರ ನಿಗದಿ ಮಾಡಿದ ದರದಂತೆ, ಬಯಲು ಸೀಮೆಯಲ್ಲಿ ಪೂರ್ತಿ ನಾಶವಾದ ಪಕ್ಕಾ ಮನೆಗೆ 1.2 ಲಕ್ಷ ರೂಪಾಯಿ. ಬಟ್ಟೆಬರೆಗೆ ಕುಟುಂಬಕ್ಕೆ 2,500, ಪಾತ್ರೆಪಡಗಕ್ಕೆ 2,500. 2019ರ ನೆರೆಯಲ್ಲಿ ಕರ್ನಾಟಕ ತನ್ನ ಪಾಲು ಸೇರಿಸಿ ತಕ್ಷಣಕ್ಕೆ 10 ಸಾವಿರ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ಬೇರೆ ರಾಜ್ಯಗಳಿಗೆ ಹೋಲಿಸಿದರೆ ಅದು ಉದಾರವೇ. ಆದರೆ ಕುವೆಂಪುನಗರದ ಮನೆ ಬೀಳುವುದಿಲ್ಲ, ನೆನೆಯುತ್ತದೆ. ಎರಡಡಿ ನೀರಿಗೆ ಫ್ರಿಜ್ಜು, ವಾಷಿಂಗ್ ಮೆಷಿನ್ನು, ಸೋಫಾ, ಯುಪಿಎಸ್ ಬ್ಯಾಟರಿ, ಪ್ಲೈವುಡ್ಡಿನ ಅಡುಗೆಮನೆ ಕಪಾಟು, ಸಂಪಿನ ಮೋಟಾರು, ಮಕ್ಕಳ ಪುಸ್ತಕ ಎಲ್ಲ ಹೋಗುತ್ತವೆ. ಗೋಡೆಯೊಳಗಿನ ವೈರಿಂಗ್ ಹಾಳಾಗುತ್ತದೆ. ಹತ್ತು ಸಾವಿರ ಇದರ ಮೂಲೆಗೂ ಸಾಲದು. ಸರ್ಕಾರದ ನೆರವು ಬದುಕಿಕೊಳ್ಳಲಿಕ್ಕೆ ಕೊಡುವಂಥದ್ದು, ಕಳೆದುಕೊಂಡದ್ದನ್ನು ತುಂಬಿಕೊಡುವಂಥದ್ದಲ್ಲ. ಅದನ್ನು ವಿಮೆಯೆಂದು ತಿಳಿದವರು ಅದರ ಉದ್ದೇಶವನ್ನೇ ತಪ್ಪು ತಿಳಿದಿದ್ದಾರೆ.

ನಿಜವಾದ ವಿಮೆ ಕೈಗೆಟುಕುವಲ್ಲೇ ಇದೆ, ಮತ್ತು ಜನರಿಗೆ ಅದು ಗೊತ್ತಿಲ್ಲ ಎಂಬುದೇ ನನ್ನ ಸಿಟ್ಟಿಗೆ ಮುಖ್ಯ ಕಾರಣ. ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ "ಭಾರತ್ ಗೃಹ ರಕ್ಷಾ" ಎಂಬ ಒಂದೇ ಮಾದರಿಯ ಮನೆ ಪಾಲಿಸಿಯನ್ನು ಜಾರಿಗೆ ತಂದಿದೆ. ಬೆಂಕಿ, ಭೂಕಂಪ, ಬಿರುಗಾಳಿಯ ಜೊತೆಗೆ ನೆರೆ, ಮನೆಗೆ ನೀರು ನುಗ್ಗುವುದು, ಭೂಕುಸಿತ ಎಲ್ಲವೂ ಅದರೊಳಗೇ ಸೇರಿವೆ. ಅಮೆರಿಕದ ಸಾಮಾನ್ಯ ಮನೆ ಪಾಲಿಸಿಯಲ್ಲಿ ನೆರೆ ಸೇರುವುದಿಲ್ಲ, ಅದಕ್ಕೆ ಬೇರೆಯೇ ಪಾಲಿಸಿ ಕೊಳ್ಳಬೇಕು. ನಮ್ಮಲ್ಲಿ ಆ ಕಷ್ಟವಿಲ್ಲ. ವಿಮೆಯ ಮೊತ್ತ ಮನೆಯನ್ನು ಮತ್ತೆ ಕಟ್ಟುವ ಖರ್ಚಿನ ಮೇಲೆ ನಿಂತಿರುತ್ತದೆ, ಸೈಟಿನ ಬೆಲೆ ಅದಕ್ಕೆ ಸೇರುವುದಿಲ್ಲ. ಹಾಗಾಗಿ "ನಮ್ಮದು ಎರಡು ಕೋಟಿಯ ಮನೆ, ಕಂತು ಎಷ್ಟಾಗುತ್ತದೋ" ಎಂಬ ಅಂಜಿಕೆಗೆ ಬುಡವಿಲ್ಲ. ಬಹುತೇಕ ಮನೆಗಳಿಗೆ ಅದು ವರ್ಷಕ್ಕೆ ಕೆಲವೇ ಸಾವಿರದೊಳಗಿನ ಮಾತು. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯ ಸಾಮಾನಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. ಒಂದೊಂದು ಕುರ್ಚಿಯ ಪಟ್ಟಿ ಬರೆದುಕೊಡಬೇಕಿಲ್ಲ. ಮನೆ ವಾಸಕ್ಕೆ ಯೋಗ್ಯವಲ್ಲದಷ್ಟು ಹಾಳಾದರೆ ಬೇರೆ ಮನೆಯ ಬಾಡಿಗೆಯೂ ಅದರಲ್ಲಿದೆ. ಹತ್ತು ವರ್ಷದವರೆಗಿನ ಅವಧಿಗೆ ಒಟ್ಟಿಗೇ ಮಾಡಿಸಬಹುದು. ವರ್ಷಗಟ್ಟಲೆ ಒಸರಿ ಗೋಡೆ ನೆನೆದು ಸುಣ್ಣ ಉದುರಿದರೆ ಹಣ ಬರುವುದಿಲ್ಲ, ಅದು ಸವಕಳಿ. ಇದನ್ನೂ ಮೊದಲೇ ತಿಳಿದಿರಬೇಕು.

ಬಹಳ ಮಂದಿಗೆ ತಮ್ಮಲ್ಲಿ ವಿಮೆ ಇದೆ ಎಂಬ ಭ್ರಮೆಯಿದೆ. ಮನೆಸಾಲ ಕೊಡುವಾಗ ಒಂದು ಪಾಲಿಸಿಗೆ ಸಹಿ ಹಾಕಿಸಿಕೊಂಡಿರುತ್ತಾರೆ. ಅನೇಕ ಸಲ ಅದು ಸಾಲಗಾರ ತೀರಿಕೊಂಡರೆ ಸಾಲ ತೀರುವ ಜೀವವಿಮೆ. ಮನೆಗೆ ನೀರು ನುಗ್ಗಿದರೆ ಅದರಿಂದ ಒಂದು ಪೈಸೆಯೂ ಹುಟ್ಟದು. ಕಾರಿನದೂ ಹಾಗೇ. ಮೂರನೆಯವರ ವಿಮೆ ಮಾತ್ರ ಇದ್ದರೆ ನೆರೆಗೆ ಏನೂ ಸಿಗುವುದಿಲ್ಲ. ಪೂರ್ಣ ವಿಮೆ ಇದ್ದರೂ, ನೀರಲ್ಲಿ ನಿಂತ ಕಾರನ್ನು ಗಾಬರಿಯಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ನಿಗೆ ನೀರು ಎಳೆದುಕೊಂಡರೆ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಇಲ್ಲದಿದ್ದಲ್ಲಿ ಕಂಪನಿ ತಕರಾರು ಮಾಡುತ್ತದೆ. ಸೆಲ್ಲಾರಿನಲ್ಲಿ ಕಾರು ನಿಲ್ಲಿಸುವ ಅಪಾರ್ಟ್‌ಮೆಂಟಿನವರು ಈ ಒಂದು ಸಾಲನ್ನಾದರೂ ಲಿಫ್ಟಿನ ಪಕ್ಕ ಅಂಟಿಸಲಿ.

ವಿಮೆಯ ವಿರುದ್ಧ ಗಂಭೀರವಾದ ಆಕ್ಷೇಪವೂ ಒಂದಿದೆ, ಅದನ್ನು ತಳ್ಳಿಹಾಕಲಾರೆ. ವಿಮೆ ಸಿಗುತ್ತದೆಂದರೆ ಜನ ಧೈರ್ಯವಾಗಿ ಹಳ್ಳದಲ್ಲೇ ಕಟ್ಟುತ್ತಾರೆ, ಪಾಲಿಕೆ ಮೋರಿ ಸರಿಪಡಿಸುವುದನ್ನೇ ಬಿಡುತ್ತದೆ ಎಂಬುದು ಆ ವಾದ. ಅಮೆರಿಕದ ಯೋಜನೆ ಅಪಾಯಕ್ಕೆ ತಕ್ಕ ಕಂತು ವಸೂಲು ಮಾಡದೆ, ಮತ್ತೆ ಮತ್ತೆ ಮುಳುಗುವ ಮನೆಗಳಿಗೆ ಮತ್ತೆ ಮತ್ತೆ ಹಣ ಕೊಟ್ಟು ಸಾಲದಲ್ಲಿ ಮುಳುಗಿತು. 2017ರಲ್ಲಿ ಅಲ್ಲಿನ ಸಂಸತ್ತು ಅದರ 16 ಬಿಲಿಯನ್ ಡಾಲರ್ ಸಾಲ ಮನ್ನಾ ಮಾಡಬೇಕಾಯಿತು. ಆ ಪಾಠ ನಿಜ. ಆದರೆ ಅದು ವಿಮೆ ಬೇಡ ಎಂದು ಕಲಿಸುವುದಿಲ್ಲ, ನಕ್ಷೆಯಿಲ್ಲದೆ ವಿಮೆ ನಿಲ್ಲದು ಎಂದು ಕಲಿಸುತ್ತದೆ. ಅಪಾಯ ಎಷ್ಟೆಂದು ಬಹಿರಂಗವಾದ ಕಡೆ ಹಳ್ಳದಲ್ಲಿ ಕಟ್ಟಿದವನ ಕಂತು ಏರುತ್ತದೆ, ಬ್ಯಾಂಕು ಹಿಂದೆಗೆಯುತ್ತದೆ, ಬಿಲ್ಡರ್ ಬೇರೆ ಜಾಗ ಹುಡುಕುತ್ತಾನೆ. ಇಂದು ನಮ್ಮಲ್ಲಿ ಅಪಾಯದ ಬೆಲೆಯನ್ನು ತೆರುತ್ತಿರುವವರು ಬೇರೆ. ಮನೆ ಕಟ್ಟಿಸಿದವರು ಮೊದಲ ಮಹಡಿಯಲ್ಲಿರುತ್ತಾರೆ. ನೆಲಮಹಡಿಯ ಬಾಡಿಗೆಯವರ, ಸೆಲ್ಲಾರಿನ ವಾಚ್‌ಮನ್‌ನ, ರಾಜಕಾಲುವೆ ಪಕ್ಕದ ಶೆಡ್ಡಿನಲ್ಲಿರುವ ಗಾರೆ ಕೆಲಸದವರ ಹಾಸಿಗೆ ಮೊದಲು ಒದ್ದೆಯಾಗುತ್ತದೆ. ಬಾಡಿಗೆಯವರು ಸಾಮಾನಿಗೆ ಮಾತ್ರ ವಿಮೆ ಮಾಡಿಸಿಕೊಳ್ಳಬಹುದೆಂದು ಅವರಿಗೆ ಹೇಳಿದವರೂ ಇಲ್ಲ.

ಕೊನೆಗೆ, ಜೋರಾಗಿ ಯಾರೂ ಹೇಳದ, ಆದರೆ ಎಲ್ಲ ಮೌನದ ಹಿಂದಿರುವ ಕಾರಣ: ನೆರೆ ವಲಯ ಎಂದು ಬರೆದರೆ ಸೈಟಿನ ಬೆಲೆ ಬೀಳುತ್ತದೆ. ಬೀಳಲಿ. ಬೆಲೆ ಬೀಳುವ ಭಯದಿಂದ ಮುಚ್ಚಿಟ್ಟ ಅಪಾಯವನ್ನು ಮುಂದಿನ ಕೊಳ್ಳುವವನಿಗೆ ದಾಟಿಸುವುದನ್ನು ವ್ಯವಹಾರ ಎನ್ನಲು ನಾನು ಸಿದ್ಧನಿಲ್ಲ. ಅವನು ತನ್ನ ಪಿಎಫ್ ತೆಗೆದು, ಹೆಂಡತಿಯ ಒಡವೆ ಇಟ್ಟು ಬಂದಿರುತ್ತಾನೆ. ಅವನಿಗೆ ಇಸಿ ತೋರಿಸುವ ಹಾಗೇ ಈ ಜಾಗದ ನೀರಿನ ಚರಿತ್ರೆ ತೋರಿಸುವುದೂ ಕಡ್ಡಾಯವಾಗಬೇಕು. ಇದು ಆಗದ ಕೆಲಸವಲ್ಲ. ಬೆಂಗಳೂರಿಗೆಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಳೆಮಾಪಕಗಳ ಜಾಲವಿಟ್ಟು ಯಾವ ಪ್ರದೇಶಕ್ಕೆ ನೀರು ನುಗ್ಗೀತೆಂದು ಮೊಬೈಲಿಗೆ ತಿಳಿಸುವ "ಮೇಘಸಂದೇಶ"ವನ್ನು ರೂಪಿಸಿದೆ. ಅದನ್ನು ಮಾಡಬಲ್ಲ ಜನ, ಯಂತ್ರ, ವಿದ್ಯೆ ನಮ್ಮ ರಾಜ್ಯದಲ್ಲೇ ಇವೆ ಎಂದಾಯಿತು. ಮೈಸೂರು ಅಭಿವೃದ್ಧಿ ಪ್ರಾಧಿಕಾರ ಇನ್ನು ಮುಂದೆ ಒಪ್ಪಿಗೆ ಕೊಡುವ ಪ್ರತಿ ಬಡಾವಣೆಯ ನಕ್ಷೆಯಲ್ಲೂ ನೆಲದ ಏರಿಳಿತದ ಗೆರೆಗಳು, ಹಳ್ಳದ ಜಾಡು, ಮೇಲಿನ ಕೆರೆಯ ಕೋಡಿ ಬಿದ್ದ ನೀರಿನ ದಾರಿ ಇರಲೇಬೇಕು. ಹಳೆಯ ಬಡಾವಣೆಗಳಿಗೆ, ಕುವೆಂಪುನಗರದಿಂದಲೇ ಶುರುಮಾಡಿ, ಬೀದಿ ಬೀದಿಗೂ ನೀರು ನಿಂತ ವರ್ಷ ಮತ್ತು ಎತ್ತರ ಬರೆದ ನಕ್ಷೆಯನ್ನು ಪಾಲಿಕೆ ವಲಯ ಕಚೇರಿಯ ಗೋಡೆಗೆ ಹಾಕಲಿ. ಹೊಸ ಡಾಂಬರು ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯದ ಗುತ್ತಿಗೆದಾರನ ಬಿಲ್ಲು ತಡೆಹಿಡಿಯಲಿ. ನಕ್ಷೆಯ, ಡಾಂಬರಿನ ಈ ಕೆಲಸಗಳಿಗೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಬಡಾವಣೆಯ ನಿವಾಸಿಗಳ ಸಂಘ ಮುಂದಿನ ಅಕ್ಟೋಬರಿಗೆ ಮೊದಲೇ ಲಿಖಿತವಾಗಿ ಕೇಳಬಹುದು, ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಮತ್ತೆ ಕೇಳಬಹುದು.